ಬೇರೆ ಪಂಕ್ತಿಯ ಮಾತು

ನನಗೆ ಮಿತ್ರರೊಬ್ಬರಿದ್ದಾರೆ. ಹೆಸರು ಹೇಳುವುದಿಲ್ಲ, ಹೇಳಿದರೆ ಈ ಪುಟದ ಓದುಗರಲ್ಲಿ ಅರ್ಧ ಮಂದಿ ಅವರ ಪರ ವಹಿಸಿ ನನ್ನ ಮೇಲೆ ಜಗಳಕ್ಕೆ ಬಂದಾರು. ಸಿನಿಮಾ ಬಲ್ಲವರು. ಫಿಲಂ ಸೊಸೈಟಿಯ ಕಬ್ಬಿಣದ ಕುರ್ಚಿಗಳ ಮೇಲೆ ಕುಳಿತು ರಾಯ್, ಕುರೊಸಾವಾ, ಬರ್ಗ್‌ಮನ್ ಎಂದು ನಡುರಾತ್ರಿಯವರೆಗೆ ವಾದಿಸಿದ ಪೀಳಿಗೆಗೆ ಸೇರಿದವರು. ಜಾತಿಯ ವಿಷಯದಲ್ಲಂತೂ ನಿಷ್ಠುರರು. ಮಗಳ ಮದುವೆಯನ್ನು ಹುಡುಗನ ಜಾತಿ ಕೇಳದೆಯೇ ಮಾಡಿದವರು. ಇಂಥವರು ಮೊನ್ನೆ ಕಾಫಿ ಕುಡಿಯುತ್ತ ಒಂದು ಮಾತು ಆಡಿದರು.

"ಕಾನೂನು ಹೋಯಿತು. ಮೊಬೈಲಿನಲ್ಲಿ ಬೇಕಾದ ಚಿತ್ರ ಬರುತ್ತದೆ. ಸರ್ಕಾರದ ಚಿತ್ರೋತ್ಸವದಲ್ಲಿಯೂ ಅಂಥ ಒಂದೆರಡು ಚಿತ್ರ ಹಾಕಲು ಯಾರ ಅಡ್ಡಿಯೂ ಇಲ್ಲ. ಇನ್ನೂ ಇವರದೇ ಒಂದು ಚಿತ್ರೋತ್ಸವ ಏಕಯ್ಯ? ಎಲ್ಲರೊಡನೆ ಕೂತು ಉಣ್ಣುವುದು ಬಿಟ್ಟು ಬೇರೆ ಪಂಕ್ತಿ ಏಕೆ?"

ಅಂದೇ ಉತ್ತರ ಹೇಳಬೇಕಾಗಿತ್ತು. ಆದರೆ ನನಗೆ ಉತ್ತರಗಳು ಹೊಳೆಯುವುದು ಯಾವಾಗಲೂ ಮನೆಗೆ ಹಿಂತಿರುಗುವ ಬಸ್ಸಿನಲ್ಲಿ. ಆದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ. ಮಿತ್ರರು ಭಾನುವಾರ ಬೆಳಿಗ್ಗೆ ಪತ್ರಿಕೆಯನ್ನು ಮೊದಲ ಪುಟದಿಂದಲ್ಲ, ಈ ಪುಟದಿಂದ ಓದಲು ಪ್ರಾರಂಭಿಸುತ್ತಾರೆಂಬುದನ್ನು ನಾನು ಬಲ್ಲೆ.

ಅವರು 'ಇವರು' ಎಂದದ್ದು ಬೆಂಗಳೂರಿನ ಕ್ವಿಯರ್ ಚಲನಚಿತ್ರೋತ್ಸವವನ್ನು ನಡೆಸಿಕೊಂಡು ಬಂದವರನ್ನು. ಕ್ವಿಯರ್ ಎಂಬುದು ಇಂಗ್ಲಿಷಿನಲ್ಲಿ ಒಂದು ಕಾಲದ ಬೈಗುಳ. ಬೈಸಿಕೊಂಡವರೇ ಅದನ್ನು ನೆಲದಿಂದ ಎತ್ತಿ, ಧೂಳು ಕೊಡವಿ, ತಮ್ಮ ಹೆಸರು ಮಾಡಿಕೊಂಡರು. ಗಂಡನ್ನು ಪ್ರೀತಿಸುವ ಗಂಡು, ಹೆಣ್ಣನ್ನು ಪ್ರೀತಿಸುವ ಹೆಣ್ಣು, ಹುಟ್ಟಿದಾಗ ಸೂಲಗಿತ್ತಿ ಹೇಳಿದ ಲಿಂಗ ತನ್ನದಲ್ಲವೆಂದು ಕಂಡುಕೊಂಡವರು, ಇವರೆಲ್ಲರಿಗೂ ಅದು ಈಗ ಒಂದು ಚಪ್ಪರ. 2008ರ ಸುಮಾರಿಗೆ ಮೊದಲಾದ ಈ ಉತ್ಸವಕ್ಕೆ ಟಿಕೇಟು ಇಲ್ಲ, ಸಂಬಳದ ನೌಕರರಿಲ್ಲ, ನಡೆಸುವವರೆಲ್ಲರೂ ಸ್ವಯಂಸೇವಕರು. ವಸಂತನಗರದ ಅಲಿಯಾನ್ಸ್ ಫ್ರಾನ್ಸೇಸ್‌ನಲ್ಲಿಯೂ ಮ್ಯಾಕ್ಸ್ ಮುಲ್ಲರ್ ಭವನದಲ್ಲಿಯೂ ಚಿತ್ರಗಳನ್ನು ತೋರಿಸಿದ್ದಾರೆ. ನಾನು ಸ್ವಯಂಸೇವಕನಲ್ಲ, ಪ್ರೇಕ್ಷಕ. ಹೆಚ್ಚೆಂದರೆ ಒಂದೆರಡು ಬಾರಿ ಕುರ್ಚಿ ಹೊತ್ತಿದ್ದೇನೆ.

ಪಂಕ್ತಿಯ ಮಾತಿಗೇ ಬರೋಣ. ಪಂಕ್ತಿಭೇದ ಎಂದರೇನೆಂದು ನಮ್ಮ ದೇಶದವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಒಳಗಿನ ಹಜಾರದಲ್ಲಿ ಎಲೆ ಹಾಕಿಸಿಕೊಂಡವರು ಹಿತ್ತಲಲ್ಲಿ ಕೂತವರನ್ನು ನೋಡಿ, "ಅವರಿಗೆ ಅಲ್ಲಿಯೇ ಹಿತ" ಎಂದು ಶತಮಾನಗಳ ಕಾಲ ಹೇಳಿದ್ದಾರೆ. ಹಿತ್ತಲಿನವರು ಬೇಸತ್ತು ತಮ್ಮದೇ ಒಲೆ ಹೂಡಿ ಅಡಿಗೆ ಮಾಡಿಕೊಂಡು, ಬಂದವರಿಗೆಲ್ಲ ಬಿಟ್ಟಿಯಾಗಿ ಬಡಿಸತೊಡಗಿದಾಗ ಮಾತ್ರ ಹಜಾರದವರಿಗೆ ಸಮಾನತೆ ನೆನಪಾಗುತ್ತದೆ. "ಇದೇನು ಬೇರೆ ಪಂಕ್ತಿ!" ಎನ್ನುತ್ತಾರೆ. ಸ್ವಾಮಿ, ಮೊದಲನೆಯ ಪಂಕ್ತಿಯಲ್ಲಿ ಎಲೆ ಹಾಕದೆ ಇದ್ದವರು ಯಾರು?

ದೂರ ಹೋಗಬೇಕಾಗಿಲ್ಲ. 1998ರ ನವೆಂಬರಿನಲ್ಲಿ ದೀಪಾ ಮೆಹ್ತಾರ 'ಫೈರ್' ನಮ್ಮ ದೇಶದ ಥಿಯೇಟರುಗಳಿಗೆ ಬಂತು. ದೆಹಲಿಯ ಮಧ್ಯಮವರ್ಗದ ಅವಿಭಕ್ತ ಕುಟುಂಬ, ಇಬ್ಬರು ಸೊಸೆಯರು, ಅವರ ನಡುವೆ ಬೆಳೆಯುವ ಅನುರಾಗ. ಶಬಾನಾ ಆಜ್ಮಿ, ನಂದಿತಾ ದಾಸ್ ನಟಿಸಿದ್ದರು. ಸೆನ್ಸಾರ್ ಮಂಡಳಿ ಒಂದು ಕತ್ತರಿಯನ್ನೂ ಹಾಕದೆ ಪ್ರಮಾಣಪತ್ರ ಕೊಟ್ಟಿತ್ತು. ಆದರೂ ಡಿಸೆಂಬರಿನ ಮೊದಲ ವಾರದಲ್ಲಿ ಮುಂಬಯಿಯಲ್ಲಿ, ಅನಂತರ ದೆಹಲಿಯಲ್ಲಿ, ಥಿಯೇಟರಿನ ಗಾಜು ಒಡೆಯಿತು, ಪೋಸ್ಟರು ಹರಿಯಿತು, ಪ್ರದರ್ಶನ ನಿಂತಿತು. ಚಿತ್ರವನ್ನು ಮತ್ತೆ ಸೆನ್ಸಾರಿಗೆ ಕಳುಹಿಸಿದರು! ಮರುವರ್ಷ ಅದು ಒಂದು ಅಂಗುಲವೂ ಕಡಿಮೆಯಾಗದೆ ಹಿಂತಿರುಗಿತು ಎಂಬುದು ನಿಜ. ಆದರೆ ಅಷ್ಟರಲ್ಲಿ ವಿತರಕರೆಲ್ಲರೂ ಪಾಠ ಕಲಿತಿದ್ದರು. ಶ್ರೀಧರ್ ರಂಗಾಯನ್ ಅವರ 'ಗುಲಾಬಿ ಆಯಿನಾ' ಎಂಬ 2003ರ ಚಿತ್ರಕ್ಕಂತೂ ಪ್ರಮಾಣಪತ್ರವನ್ನೇ ನಿರಾಕರಿಸಲಾಯಿತು. ಪ್ರಮಾಣಪತ್ರವಿಲ್ಲದ ಚಿತ್ರ ನಮ್ಮಲ್ಲಿ ತೆರೆ ಕಾಣುವುದೆಲ್ಲಿ? ಇಂಥ ಉತ್ಸವಗಳಲ್ಲಿ, ಸಾಂಸ್ಕೃತಿಕ ಸಂಸ್ಥೆಗಳ ಸಣ್ಣ ಸಭಾಂಗಣಗಳಲ್ಲಿ. ಹಿತ್ತಲು ಎಂದೆನಲ್ಲ, ಅದು ಇದೇ.

ನಮ್ಮ ಕನ್ನಡದ ತೆರೆಯ ಮಾತೇನು? ಸೊಂಟ ಬಳುಕಿಸುವ ಗಂಡಸೊಬ್ಬ ಬರುತ್ತಾನೆ, ಕೀರಲು ದನಿಯಲ್ಲಿ ಎರಡು ಮಾತಾಡುತ್ತಾನೆ, ನಾಯಕನ ಮೈಮೇಲೆ ಕೈ ಹಾಕುತ್ತಾನೆ, ನಾಯಕ ಕಪಾಳಕ್ಕೆ ಬಿಗಿಯುತ್ತಾನೆ, ಥಿಯೇಟರು ನಗುತ್ತದೆ. ಎಷ್ಟು ಚಿತ್ರಗಳಲ್ಲಿ ಈ ಒಂದೇ ದೃಶ್ಯವನ್ನು ನೋಡಿದ್ದೇನೋ ಲೆಕ್ಕವಿಲ್ಲ. ನಾನೂ ನಕ್ಕಿದ್ದೇನೆ, ಸುಳ್ಳು ಹೇಳುವುದಿಲ್ಲ. ಅದೇ ಥಿಯೇಟರಿನ ಕತ್ತಲೆಯಲ್ಲಿ, ಮೂರನೆಯ ಸಾಲಿನಲ್ಲೋ ಹತ್ತನೆಯ ಸಾಲಿನಲ್ಲೋ, ನಗಲಾರದೆ ಕುಳಿತವನೊಬ್ಬ ಇದ್ದಿರಬೇಕೆಂಬುದು ನನಗೆ ಹೊಳೆದದ್ದು ಐವತ್ತು ದಾಟಿದ ಮೇಲೆ.

ಬಿ. ಎಸ್. ಲಿಂಗದೇವರು ಅವರ 'ನಾನು ಅವನಲ್ಲ ಅವಳು' ಚಿತ್ರದ ಹೆಸರನ್ನು ಮಿತ್ರರು ಎತ್ತಿದರು. ಒಳ್ಳೆಯದು. ಲಿವಿಂಗ್ ಸ್ಮೈಲ್ ವಿದ್ಯಾ ಅವರ ಆತ್ಮಕಥೆಯಿಂದ ಹುಟ್ಟಿದ ಚಿತ್ರ. ಆ ಪಾತ್ರಕ್ಕಾಗಿ ಸಂಚಾರಿ ವಿಜಯ್ ರಾಷ್ಟ್ರಪ್ರಶಸ್ತಿ ಪಡೆದರು. 2021ರಲ್ಲಿ ರಸ್ತೆ ಅಪಘಾತದಲ್ಲಿ ಅವರನ್ನು ಕಳೆದುಕೊಂಡೆವು. ಆ ಚಿತ್ರವನ್ನು ಕುರಿತು ನನಗೆ ಗೌರವವಿದೆ. ಆದರೆ ಒಂದು ಚಿತ್ರವನ್ನು ಮುಂದಿಟ್ಟು "ನೋಡಿ, ನಿಮಗೂ ಬಡಿಸಿದೆವಲ್ಲ" ಎನ್ನುವುದು ಒಂದೇ ಒಂದು ಎಲೆಗೆ ಒಂದೇ ಒಂದು ಸಲ ಅನ್ನ ಹಾಕಿ ಸಂತರ್ಪಣೆ ಮಾಡಿದೆವೆಂದು ಹೇಳಿಕೊಂಡಂತೆ.

ಈಗ ಇತಿಹಾಸ. ಮಿತ್ರರು ಇತಿಹಾಸಪ್ರಿಯರು, ಆದರೆ ಈ ಇತಿಹಾಸ ಅವರಿಗೆ ಗೊತ್ತಿದ್ದಂತೆ ಕಾಣಲಿಲ್ಲ.

1977ರ ಫೆಬ್ರವರಿಯಲ್ಲಿ ಅಮೆರಿಕದ ಸಾನ್ ಫ್ರಾನ್ಸಿಸ್ಕೋದಲ್ಲಿ ಕೆಲವು ಯುವಕರು ತಾವೇ ತೆಗೆದ ಸೂಪರ್-8 ಚಿತ್ರಗಳನ್ನು ತೋರಿಸಲು ಹೊರಟರು. ಸೂಪರ್-8 ಎಂದರೆ ಮನೆಮಂದಿ ಹುಟ್ಟುಹಬ್ಬಕ್ಕೂ ಪ್ರವಾಸಕ್ಕೂ ಬಳಸುತ್ತಿದ್ದ ಕಿರಿಯ ರೀಲು. ತೆರೆ ಇರಲಿಲ್ಲ, ಗೋಡೆಗೆ ಹಾಸಿಗೆಯ ಬಟ್ಟೆಯೊಂದನ್ನು ಕಟ್ಟಿದರು. ಪ್ರವೇಶ ಉಚಿತ. ಜಾಗ ಸಾಲದಷ್ಟು ಜನ ಬಂದರು. ಅವರ ಪೈಕಿ ಡ್ಯಾನ್ ನಿಕೊಲೆಟ್ಟಾ ಎಂಬ ಹುಡುಗ ಕ್ಯಾಸ್ಟ್ರೋ ಬೀದಿಯ ಕ್ಯಾಮರಾ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದವನು. ಆ ಅಂಗಡಿಯ ಯಜಮಾನ ಹಾರ್ವೆ ಮಿಲ್ಕ್. ಅದೇ ವರ್ಷದ ಕೊನೆಗೆ ನಗರಸಭೆಗೆ ಆರಿಸಿಬಂದು, ಮರುವರ್ಷ 1978ರ ನವೆಂಬರಿನಲ್ಲಿ ಗುಂಡಿಗೆ ಬಲಿಯಾದವನು. ಆ ಹಾಸಿಗೆಯ ಬಟ್ಟೆಯಿಂದ ಹುಟ್ಟಿದ ಉತ್ಸವವೇ ಮುಂದೆ ಫ್ರೇಮ್‌ಲೈನ್ ಎಂಬ ಹೆಸರಿನಿಂದ ಪ್ರಪಂಚಪ್ರಸಿದ್ಧವಾಯಿತು.

ಅಲ್ಲಿಯೂ ಎಲ್ಲವೂ ಸಿಹಿಯಾಗಿ ನಡೆಯಿತೆಂದು ತಿಳಿಯಬಾರದು. 1986ರಲ್ಲಿ ಹೆಂಗಸರ ಚಿತ್ರಗಳೆಂದು ಹೇಳಿ ಏರ್ಪಡಿಸಿದ ಪ್ರದರ್ಶನದಲ್ಲಿ ಮಿಡಿ ಒನೊಡೇರಾ ಎಂಬ ನಿರ್ದೇಶಕಿಯ ಕಿರುಚಿತ್ರ ಬಂದು, ಅದರ ಒಂದು ಭಾಗದಲ್ಲಿ ಗಂಡಸರಿಬ್ಬರ ದೃಶ್ಯ ಕಂಡಾಗ ಸಭೆ ರೊಚ್ಚಿಗೆದ್ದಿತು. ದುಡ್ಡು ವಾಪಸು ಕೊಡಿ ಎಂದು ಗಲಾಟೆ ಮಾಡಿತು. ವರ್ಷದಿಂದ ವರ್ಷಕ್ಕೆ ಹೆಂಗಸರ ಚಿತ್ರಗಳಿಗೆ ಸಿಕ್ಕಿದ್ದು ಮೂಲೆಯೇ ಎಂಬ ಸಿಟ್ಟು ಅಂದು ಆ ಒಂದು ಚಿತ್ರದ ಮೇಲೆ ಸುರಿಯಿತು. "ಅವರಲ್ಲಿಯೇ ಒಗ್ಗಟ್ಟಿಲ್ಲ" ಎಂದು ಮೂಗು ಮುರಿಯುವವರಿಗೆ ನಾನು ಈ ಪ್ರಸಂಗವನ್ನು ತಪ್ಪದೆ ಹೇಳುತ್ತೇನೆ. ಒಗ್ಗಟ್ಟಿಲ್ಲ, ನಿಜ. ನಮ್ಮ ಸಾಹಿತ್ಯ ಸಮ್ಮೇಳನಗಳಲ್ಲಿ ಒಗ್ಗಟ್ಟು ತುಂಬಿ ತುಳುಕುತ್ತಿದೆಯೋ? ಜಗಳವಾಡಲು ಒಂದು ಜಗುಲಿ ಇರುವುದೇ ಊರು ಜೀವಂತವಾಗಿದೆಯೆಂಬುದಕ್ಕೆ ಸಾಕ್ಷಿ.

ಯೂರೋಪಿನಲ್ಲಿ ಇಂಥ ಉತ್ಸವಗಳ ಪೈಕಿ ಅತ್ಯಂತ ಹಳೆಯದು ಪ್ಯಾರಿಸ್ಸಿನದಲ್ಲ, ಲಂಡನ್ನಿನದಲ್ಲ. ಆಗಿನ ಯುಗೊಸ್ಲಾವಿಯಾದಲ್ಲಿದ್ದ ಲ್ಯುಬ್ಲಿಯಾನ ಎಂಬ ಚಿಕ್ಕ ಊರಿನದು, 1984ರಲ್ಲಿ ಮೊದಲಾಯಿತು. ರಷ್ಯದ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ 2008ರಲ್ಲಿ 'ಸೈಡ್ ಬೈ ಸೈಡ್' ಎಂಬ ಉತ್ಸವ ಪ್ರಾರಂಭವಾಗಬೇಕಾಗಿದ್ದ ದಿನವೇ ಅಗ್ನಿಶಾಮಕ ಅಧಿಕಾರಿಗಳು ಬಂದು, ಕಟ್ಟಡ ಸುರಕ್ಷಿತವಲ್ಲವೆಂದು ಬಾಗಿಲು ಹಾಕಿಸಿದರು. ಬೆಂಕಿಯ ಭಯ ಅಧಿಕಾರಿಗಳಿಗೆ ಯಾವ ದಿನ ಹುಟ್ಟಬೇಕೋ ಆ ದಿನವೇ ಹುಟ್ಟುತ್ತದೆ! ಚಿತ್ರಗಳನ್ನು ಗುಟ್ಟಾಗಿ ಬೇರೆ ಕಡೆ ತೋರಿಸಿದರು. ಚೀನದ ಬೀಜಿಂಗಿನಲ್ಲಿ 2001ರಲ್ಲಿ ವಿಶ್ವವಿದ್ಯಾಲಯದ ಅಂಗಳದಲ್ಲಿ ಹುಟ್ಟಿದ ಉತ್ಸವವನ್ನು ಎಷ್ಟು ಸಲ ಮುಚ್ಚಿಸಿದರೋ ಅಷ್ಟು ಸಲ ಅದು ಜಾಗ ಬದಲಿಸಿತು. 2014ರಲ್ಲಿ ಆ ಜನ ಮಾಡಿದ ಉಪಾಯ ನೋಡಿ: ಪ್ರೇಕ್ಷಕರೆಲ್ಲರೂ ಒಂದು ರೈಲು ಹತ್ತಿದರು, ಒಬ್ಬೊಬ್ಬರಿಗೂ ಚಿತ್ರ ತುಂಬಿದ ಪುಟ್ಟ ಕಡ್ಡಿ ಕೊಟ್ಟರು, ತಮ್ಮ ತಮ್ಮ ಲ್ಯಾಪ್‌ಟಾಪಿನಲ್ಲಿ ಎಲ್ಲರೂ ಒಟ್ಟಿಗೆ ಒಂದೇ ಚಿತ್ರ ನೋಡಿದರು. ಓಡುವ ರೈಲಿಗೆ ಬೀಗ ಹಾಕುವವರು ಯಾರು?

ಬೆಂಗಳೂರಿನ ಕಥೆ ಇಷ್ಟು ರೋಮಾಂಚಕವಲ್ಲ. ನಮ್ಮ ಊರಿನ ಸ್ವಭಾವವೇ ಹಾಗೆ. 1994ರಲ್ಲಿ 'ಗುಡ್ ಆಸ್ ಯೂ' ಎಂಬ ಸಣ್ಣ ಗುಂಪು ವಾರಕ್ಕೊಮ್ಮೆ ಸೇರತೊಡಗಿತು. ಸೇರಿ ಮಾಡುತ್ತಿದ್ದದ್ದೇನು? ಮಾತು. ಅಷ್ಟೆ. ಮನೆಯಲ್ಲಿ ಆಡಲಾಗದ್ದನ್ನು ಆಡುವುದು. 1999ರಲ್ಲಿ 'ಸಂಗಮ' ಹುಟ್ಟಿ, ಇಂಗ್ಲಿಷ್ ಬಾರದ, ಕೈಯಲ್ಲಿ ಕಾಸಿಲ್ಲದ, ಬೀದಿಯಲ್ಲಿ ಪೊಲೀಸರ ಲಾಠಿ ತಿನ್ನುತ್ತಿದ್ದ ಮಂದಿಯ ಕಡೆಗೆ ತಿರುಗಿತು. 2008ರ ಜೂನ್ 29ರಂದು ನಗರದಲ್ಲಿ ಮೊದಲ ಸ್ವಾಭಿಮಾನ ಮೆರವಣಿಗೆ ಹೊರಟಿತು. ಅದೇ ದಿನ ದೆಹಲಿಯಲ್ಲಿಯೂ ಕಲ್ಕತ್ತೆಯಲ್ಲಿಯೂ ಹೊರಟಿತ್ತು. ಆ ಹೊತ್ತಿನ ಹುರುಪಿನಲ್ಲಿಯೇ ಚಿತ್ರೋತ್ಸವವೂ ಬೇರು ಬಿಟ್ಟಿತು. ಮುಂಬಯಿಯಲ್ಲಿ 2010ರಲ್ಲಿ ಆರಂಭವಾದ 'ಕಶಿಶ್' ದೊಡ್ಡ ಚಿತ್ರಮಂದಿರಕ್ಕೆ ಹೋಯಿತು, ಪ್ರಾಯೋಜಕರನ್ನು ಕಂಡುಕೊಂಡಿತು. ಅದು ಅದರ ದಾರಿ. ಬೆಂಗಳೂರಿನವರು ಚಪ್ಪಲಿ ಬಿಟ್ಟು ಮನೆಯೊಳಗೆ ಬಂದಂತೆ ಬರಬಹುದಾದ ಸಭಾಂಗಣಗಳಲ್ಲಿಯೇ ಉಳಿದರು.

ಇಲ್ಲಿ ತಾರೀಖುಗಳನ್ನು ಒಂದರ ಪಕ್ಕದಲ್ಲಿ ಒಂದು ಇಟ್ಟು ನೋಡಬೇಕು. ಭಾರತ ದಂಡಸಂಹಿತೆಯ 377ನೆಯ ವಿಧಿ 1860ರದು. ದೆಹಲಿ ಉಚ್ಚ ನ್ಯಾಯಾಲಯ ಅದರ ಹಲ್ಲು ಕಿತ್ತದ್ದು 2009ರ ಜುಲೈ 2ರಂದು. ಅಂದರೆ ಮೊದಮೊದಲು ಈ ಚಿತ್ರಗಳಿಗಾಗಿ ಕುರ್ಚಿ ಜೋಡಿಸಿ, ಬಾಗಿಲಲ್ಲಿ ನಿಂತು, ಬಂದವರನ್ನು ನಗುನಗುತ್ತ ಒಳಗೆ ಕರೆದವರು ಕಾನೂನಿನ ಕಣ್ಣಿನಲ್ಲಿ ಅಪರಾಧಿಗಳಾಗಬಹುದಾಗಿದ್ದ ಮಂದಿ. 2013ರ ಡಿಸೆಂಬರ್ 11ರಂದು ಸರ್ವೋಚ್ಚ ನ್ಯಾಯಾಲಯದ ಇಬ್ಬರು ನ್ಯಾಯಮೂರ್ತಿಗಳು ಕಿತ್ತ ಹಲ್ಲುಗಳನ್ನು ಮತ್ತೆ ಜೋಡಿಸಿದರು; ಈ ಜನರ ಸಂಖ್ಯೆ ತೀರ ಅಲ್ಪ ಎಂಬುದನ್ನೂ ಒಂದು ಕಾರಣವಾಗಿ ಹೇಳಿದರು. ಆಮೇಲೆ ಐದು ನ್ಯಾಯಮೂರ್ತಿಗಳ ಪೀಠ 2018ರ ಸೆಪ್ಟೆಂಬರ್ 6ರಂದು ಅದನ್ನು ತಳ್ಳಿಹಾಕಿತು. ಸುಮಾರು ಐದು ವರ್ಷ, ಒಮ್ಮೆ ನಾಗರಿಕನಾದವನು ಮತ್ತೆ ಅಪರಾಧಿಯಾಗಿ ಬಾಳಿದ್ದಾನೆ. ಆ ವರ್ಷಗಳಲ್ಲಿ ಸಭಾಂಗಣಕ್ಕೆ ಬಂದವರ ಮುಖಗಳನ್ನು ನಾನು ನೋಡಿದ್ದೇನೆ. ಫೋಟೋ ತೆಗೆಯಬೇಡಿ ಎಂದು ಸ್ವಯಂಸೇವಕನೊಬ್ಬ ಕೈಮುಗಿದು ಹೇಳುತ್ತಿದ್ದ; ಆ ಸಾಲುಗಳಲ್ಲಿ ಕುಳಿತ ಎಷ್ಟೋ ಮಂದಿಯ ಮನೆಯಲ್ಲಿ ಆ ಸಂಜೆ ಅವರು ಗೆಳೆಯನ ನಿಶ್ಚಿತಾರ್ಥಕ್ಕೆ ಹೋಗಿದ್ದಾರೆಂದು ನಂಬಿದ್ದರು.

ಇನ್ನು ನಮ್ಮ ವಿಧಾನಸೌಧದ ಮಾತು. 2011ರಲ್ಲಿ, ಅಂದರೆ ದೆಹಲಿಯ ತೀರ್ಪು ಬಂದು ಎರಡು ವರ್ಷವಾದ ಮೇಲೆ, ಕರ್ನಾಟಕ ಪೊಲೀಸ್ ಕಾಯಿದೆಗೆ 36-ಎ ಎಂಬ ವಿಧಿಯನ್ನು ಸೇರಿಸಿ, ನಪುಂಸಕರೆಂಬ ಅರ್ಥದ ಹಳೆಯ ಇಂಗ್ಲಿಷ್ ಪದವನ್ನು ಬಳಸಿ, ಅಂಥವರ ಪಟ್ಟಿ ಇಡುವ ಅಧಿಕಾರವನ್ನು ಪೊಲೀಸರಿಗೆ ಕೊಟ್ಟರು. ಹುಟ್ಟಿದ್ದಕ್ಕೇ ಒಂದು ದಫ್ತರು! ಸಮುದಾಯದವರು ನ್ಯಾಯಾಲಯದ ಮೆಟ್ಟಿಲು ಹತ್ತಿದ ಮೇಲೆ 2016ರಲ್ಲಿ ಆ ಪದವನ್ನು ತೆಗೆದರು. ಇದು ದೂರದ ರಷ್ಯವಲ್ಲ. ಮಿತ್ರರು ದಿನವೂ ಬೆಳಿಗ್ಗೆ ತಿರುಗಾಡುವ ಕಬ್ಬನ್ ಪಾರ್ಕಿನ ಎದುರಿಗಿರುವ ಕಟ್ಟಡ.

'ಕಾನೂನು ಹೋಯಿತು' ಎಂಬ ವಾದಕ್ಕೆ ಇಷ್ಟು ಸಾಕೆಂದು ಕಾಣುತ್ತದೆ. ಹೋದದ್ದು ಜೈಲಿನ ಭಯ. 2023ರ ಅಕ್ಟೋಬರ್ 17ರ ತೀರ್ಪಿನಲ್ಲಿ ಮದುವೆಯ ಹಕ್ಕು ಸಿಕ್ಕಲಿಲ್ಲ. ಬಾಡಿಗೆ ಮನೆ ಕೇಳಲು ಹೋದಾಗ "ಇಬ್ಬರೂ ಗಂಡಸರೇ? ಫ್ಯಾಮಿಲಿಗೆ ಮಾತ್ರ" ಎನ್ನುವ ಮಾಲೀಕನಿಗೆ ಯಾವ ಪೀಠವೂ ತೀರ್ಪು ಬರೆದುಕೊಟ್ಟಿಲ್ಲ.

ಮೊಬೈಲಿನ ವಾದವನ್ನು ನಾನು ಇನ್ನೂ ಬೇಗ ಮುಗಿಸುತ್ತೇನೆ. ರಗ್ಗಿನೊಳಗೆ ತಲೆ ಹುದುಗಿಸಿ, ಕಿವಿಗೆ ವಯರು ಸಿಕ್ಕಿಸಿಕೊಂಡು, ಅಮ್ಮ ಎದ್ದಾಳೆಂಬ ಹೆದರಿಕೆಯಲ್ಲಿ ನೋಡುವುದನ್ನು ಸಿನಿಮಾ ನೋಡುವುದು ಎಂದು ಮಿತ್ರರು ಒಪ್ಪುವುದಾದರೆ, ಇಡೀ ಆಯುಷ್ಯ ಫಿಲಂ ಸೊಸೈಟಿಗೆ ಚಂದಾ ಕಟ್ಟಿದ್ದು ಏತಕ್ಕೆ? ಇನ್ನೂರು ಜನ ಒಟ್ಟಿಗೆ ನಕ್ಕಾಗ ಆ ನಗು ತನ್ನ ಮೇಲಿನದಲ್ಲ, ತನ್ನದೇ ಎಂದು ಮೊದಲ ಬಾರಿಗೆ ತಿಳಿದವನ ಬೆನ್ನು ಹೇಗೆ ನೆಟ್ಟಗಾಗುತ್ತದೆಂಬುದನ್ನು ಹಿಂದಿನ ಸಾಲಿನಿಂದ ನೋಡಬೇಕು. ಬನ್ನಿ ನೋಡಿ ಎಂದು ನಾನು ಮಿತ್ರರನ್ನು ಕರೆದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಲ್ಲಯ್ಯ, ಅಲ್ಲಿ ಯಾರಾದರೂ ಪರಿಚಯದವರು ನನ್ನನ್ನು ನೋಡಿದರೆ ಏನೆಂದುಕೊಂಡಾರು?" ಎಂದರು. ಆಡಿದ ಮೇಲೆ ಅವರಿಗೇ ನಾಚಿಕೆಯಾಯಿತು. ದೊಡ್ಡ ಮನುಷ್ಯರು, ಮುಚ್ಚಿಡಲಿಲ್ಲ. ಮಗಳ ಮದುವೆಯಲ್ಲಿ ಇಡೀ ಬಳಗವನ್ನು ಎದುರಿಸಿ ನಿಂತವರಿಗೆ, ಒಂದು ಬಿಟ್ಟಿ ಸಿನಿಮಾಕ್ಕೆ ಹೋಗುವಾಗ ಬೀದಿಯ ಈ ತುದಿ ಆ ತುದಿ ನೋಡಬೇಕೆನಿಸಿತು. ಚಿತ್ರೋತ್ಸವ ಇನ್ನೇಕೆ ಎಂದು ಕೇಳಿದವರು ಅವರೇ ಎಂಬುದನ್ನು ಅವರಿಗೆ ನೆನಪು ಮಾಡಿಕೊಡಲಿಲ್ಲ.

ಈಗ ಮಿತ್ರರ ಕಡೆಯ ನ್ಯಾಯವನ್ನೂ ಹೇಳಬೇಕು. ಅವರ ಮಾತಿನಲ್ಲಿ ಒಂದು ಅಂಶ ನನ್ನನ್ನು ಚುಚ್ಚಿತು. "ಅದು ಇಂಗ್ಲಿಷಿನವರ ಹಬ್ಬ" ಎಂದರು. ಇದಕ್ಕೆ ನನ್ನಲ್ಲಿ ಸಿದ್ಧ ಉತ್ತರವಿಲ್ಲ. ಬದಲಿಗೆ ಒಂದು ನೆನಪಿದೆ.

ಕೆಲವು ವರ್ಷಗಳ ಹಿಂದೆ ಒಂದು ಪ್ರದರ್ಶನ ಮುಗಿದು, ಎಲ್ಲರೂ ಹೊರಗೆ ಮರದ ಕೆಳಗೆ ಚಹಾ ಕುಡಿಯುತ್ತ ನಿಂತಿದ್ದೆವು. ಯಾವುದೋ ಯೂರೋಪಿನ ಚಿತ್ರ. ಮಾತು ಕಡಿಮೆ, ಮೌನ ಹೆಚ್ಚು. ಇಪ್ಪತ್ತೆರಡು ಇಪ್ಪತ್ತಮೂರರ ಹುಡುಗನೊಬ್ಬ ಹತ್ತಿರ ಬಂದ. ಇಸ್ತ್ರಿ ಮಾಡಿದ ಅಂಗಿ, ಹೆಗಲಲ್ಲಿ ಚೀಲ. ತುಮಕೂರಿನ ಆಚೆಯಿಂದ ಬಸ್ಸು ಹತ್ತಿ ಬಂದಿದ್ದನಂತೆ, ರಾತ್ರಿಯ ಬಸ್ಸಿಗೇ ಹಿಂತಿರುಗಬೇಕಂತೆ. ನನ್ನ ಮುಖದಲ್ಲಿ ಕನ್ನಡ ಕಂಡಿತೋ ಏನೋ, "ಸಾರ್, ಆ ಕೊನೇಲಿ ಬಸ್ ಸ್ಟ್ಯಾಂಡಲ್ಲಿ ಅವರಪ್ಪ ಮಗನಿಗೆ ಏನಂದ? ಕೆಳಗಡೆ ಇಂಗ್ಲಿಷು ಬೇಗ ಹೋಗಿಬಿಡ್ತು" ಎಂದು ಕೇಳಿದ.

"ಊಟಕ್ಕೆ ಬಾ ಅಂದ" ಎಂದೆ.

"ಅಷ್ಟೇನಾ?"

"ಅಷ್ಟೆ."

ಹುಡುಗ ಕಾಗದದ ಲೋಟವನ್ನು ಹಿಡಿದು ಬಹಳ ಹೊತ್ತು ನಿಂತಿದ್ದ. ಆಮೇಲೆ, "ಕನ್ನಡದ್ದು ಒಂದೂ ಇಲ್ವಾ ಸಾರ್?" ಎಂದ. ನನಗೆ ಆ ಪ್ರಶ್ನೆ ಇವತ್ತಿಗೂ ಕಿವಿಯಲ್ಲಿದೆ. ಎರಡು ಗಂಟೆ ಪ್ರಯಾಣ ಮಾಡಿ ಬಂದವನಿಗೆ ಇಡೀ ಚಿತ್ರದಲ್ಲಿ ಮುಖ್ಯವಾದ ಒಂದೇ ಒಂದು ಮಾತು ದಾಟಲಿಲ್ಲ.

ಇದರ ತಪ್ಪನ್ನು ಸ್ವಯಂಸೇವಕರ ತಲೆಗೆ ಕಟ್ಟಲು ನಾನು ತಯಾರಿಲ್ಲ. ಹಗಲಿಡೀ ಕಚೇರಿ, ರಾತ್ರಿ ಚಿತ್ರ ಆರಿಸುವುದು. ದೇಶವಿದೇಶದ ನಿರ್ದೇಶಕರಿಗೆ ಪತ್ರ ಬರೆದು, ದುಡ್ಡಿಲ್ಲ, ಆದರೂ ಕೊಡಿ ಎಂದು ಬೇಡುವುದು. ಬಂದ ಚಿತ್ರ ಯಂತ್ರದಲ್ಲಿ ಓಡುತ್ತದೋ ಇಲ್ಲವೋ ನೋಡುವುದು. ಸಭಾಂಗಣ, ಕುರ್ಚಿ, ಚಹಾ. ಇವರು ವರ್ಷ ವರ್ಷ ದಣಿಯುತ್ತಾರೆ, ಒಬ್ಬೊಬ್ಬರಾಗಿ ಸರಿದುಹೋಗುತ್ತಾರೆ, ಹೊಸಬರು ಬರುತ್ತಾರೆ. ಬೆಂಗಳೂರಿನ ಯಾವ ಚಿತ್ರೋತ್ಸವದಲ್ಲಿ, ಸರ್ಕಾರದ್ದನ್ನೂ ಸೇರಿಸಿಕೊಂಡು, ಹೊರಗಿನ ಚಿತ್ರಗಳಿಗೆ ಕನ್ನಡದ ಅಡಿಬರಹ ವಾಡಿಕೆಯಾಗಿದೆ? ಕೋಟ್ಯಂತರ ಖರ್ಚಿನವರನ್ನು ಕೇಳದ ಪ್ರಶ್ನೆಯನ್ನು ಬಿಟ್ಟಿ ದುಡಿಯುವವರಿಗೆ ಕೇಳುವುದು ಯಾವ ನ್ಯಾಯ? ಕೇಳಬೇಕಾದದ್ದು ನಮ್ಮನ್ನು: ಕನ್ನಡದಲ್ಲಿ ಬರೆಯುತ್ತೇವೆ, ಅನುವಾದಿಸುತ್ತೇವೆ, ಕನ್ನಡದ ಅಳಿವು ಉಳಿವಿನ ಬಗ್ಗೆ ಗಂಟೆಗಟ್ಟಲೆ ಭಾಷಣ ಮಾಡುತ್ತೇವೆ ಎನ್ನುವ ನಮ್ಮನ್ನು.

ಹೆಗ್ಗೋಡನ್ನು ನೆನೆಯಿರಿ. ಕೆ. ವಿ. ಸುಬ್ಬಣ್ಣನವರು 1973ರಲ್ಲಿ ನೀನಾಸಂ ಚಿತ್ರಸಮಾಜ ಕಟ್ಟಿದರು. ಆ ದಶಕದ ಕೊನೆಯ ವೇಳೆಗೆ ಅಡಕೆ ತೋಟದ ಆ ಹಳ್ಳಿಯಲ್ಲಿ ಪ್ರಪಂಚದ ದೊಡ್ಡ ದೊಡ್ಡ ಚಿತ್ರಗಳ ಉತ್ಸವವೇ ನಡೆಯಿತು. ಕೃಷಿಕರು, ಕೂಲಿಯವರು, ಮನೆವಾರ್ತೆಯ ಹೆಂಗಸರು ಬಂದು ಕುಳಿತು ನೋಡಿದರು. ಚಿತ್ರದ ವಿವರವನ್ನು ಕನ್ನಡದಲ್ಲಿ ಹೇಳುವವರಿದ್ದರು, ಬರೆದು ಕೊಡುವವರಿದ್ದರು. "ಹಳ್ಳಿಯವರಿಗೆ ಜಪಾನಿನ ಚಿತ್ರ ಏಕೆ?" ಎಂದು ಆಗಲೂ ಕೇಳಿದ ಪಟ್ಟಣದ ಮಹನೀಯರಿದ್ದರು. ನಮ್ಮ ಮಿತ್ರರು ಆಗ ಸುಬ್ಬಣ್ಣನವರ ಪಕ್ಷ. ಈಗ ಪಕ್ಷ ಬದಲಾಯಿಸುವುದು ಸಲ್ಲದು.

"ಹಳ್ಳಿಯ ಜನ ಇಂಥದನ್ನು ಒಪ್ಪಲಾರರು" ಎಂಬ ಮಾತೂ ಬಂತು. ಯಾವ ಹಳ್ಳಿಯ ಜನ? ಯಕ್ಷಗಾನದ ಸ್ತ್ರೀವೇಷಧಾರಿಯ ಒಂದು ಕಣ್ಣೋಟಕ್ಕೆ ಬೆಳಗಿನ ಜಾವದವರೆಗೆ ನಿದ್ದೆಗೆಟ್ಟವರೆ? 1958ರಲ್ಲಿ ಆರ್. ನಾಗರತ್ನಮ್ಮನವರು ಬೆಂಗಳೂರಿನಲ್ಲಿ ಸ್ತ್ರೀ ನಾಟಕ ಮಂಡಳಿ ಕಟ್ಟಿ, ಹೆಂಗಸರೇ ಗಂಡುಪಾತ್ರ ಹಾಕಿ, ತಾವು ಕಂಸನಾಗಿ ಗರ್ಜಿಸಿದಾಗ ಚಪ್ಪಾಳೆ ತಟ್ಟಿದವರೆ? ಸವದತ್ತಿಯ ಗುಡ್ಡದಲ್ಲಿ ಜೋಗಪ್ಪನ ಕೈಯಿಂದ ಭಂಡಾರ ಹಚ್ಚಿಸಿಕೊಂಡು ಕಾಲಿಗೆ ಬೀಳುವವರೆ? ಮಂಜಮ್ಮ ಜೋಗತಿ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, ಪದ್ಮಶ್ರೀ ಪಡೆದರು. ರಾಷ್ಟ್ರಪತಿಭವನದಲ್ಲಿ ಅವರು ರಾಷ್ಟ್ರಪತಿಗಳಿಗೆ ಸೆರಗಿನಿಂದ ದೃಷ್ಟಿ ತೆಗೆದದ್ದನ್ನು ಇಡೀ ನಾಡು ನೋಡಿ ಹಿಗ್ಗಿತು. ನಾಟಕದ ಕಂಸನನ್ನೂ ಯಕ್ಷಗಾನದ ದ್ರೌಪದಿಯನ್ನೂ ನಾನು ಈ ಚಪ್ಪರದೊಳಗೆ ಬಲವಂತವಾಗಿ ಎಳೆಯುತ್ತಿಲ್ಲ. ವೇಷ ಬೇರೆ, ಬದುಕು ಬೇರೆ. ಆದರೆ ನಮ್ಮ ಜನರ ಕಣ್ಣು ಮಿತ್ರರು ತಿಳಿದಷ್ಟು ಎಳೆಯದಲ್ಲ. ಪೂಜೆಗೆ ಒಪ್ಪುತ್ತಾರೆ, ರಂಗಕ್ಕೆ ಒಪ್ಪುತ್ತಾರೆ. ಪಕ್ಕದ ಮನೆಯ ಬಾಡಿಗೆಗೆ ಒಪ್ಪುವುದಿಲ್ಲ. ಆ ಸಂದಿನಲ್ಲಿಯೇ ಸಿನಿಮಾಕ್ಕೆ ಕೆಲಸವಿರುವುದು.

ಭಾಷೆಯ ತೊಡಕು ಸಣ್ಣದಲ್ಲ. ಅನುಭವದಿಂದ ಹೇಳುತ್ತೇನೆ. ಆ ಹುಡುಗನನ್ನು ಕಂಡ ಮೇಲೆ, ಗೆಳೆಯರೊಬ್ಬರು ತೆಗೆದ ಹದಿನಾಲ್ಕು ನಿಮಿಷದ ಕಿರುಚಿತ್ರಕ್ಕೆ ಕನ್ನಡದ ಅಡಿಬರಹ ಬರೆಯಲು ಕುಳಿತೆ. ಒಂಬತ್ತು ರಾತ್ರಿ ಹಿಡಿಯಿತು. ಇಂಗ್ಲಿಷಿನಲ್ಲಿ ಮೂರು ಪುಟ್ಟ ಪದಗಳಲ್ಲಿ ಮುಗಿಯುವ ಮಾತು ಕನ್ನಡದಲ್ಲಿ ಒಂದೇ ಪದವಾಗಿ ಸಾಲಿನ ಉದ್ದಕ್ಕೂ ರೈಲಿನಂತೆ ಮಲಗುತ್ತದೆ. ಪ್ರೇಕ್ಷಕ ಅದರ ಕೊನೆಯ ಡಬ್ಬಿ ಮುಟ್ಟುವಷ್ಟರಲ್ಲಿ ದೃಶ್ಯ ಬದಲಾಗಿರುತ್ತದೆ. ಎಲ್ಲವನ್ನೂ ಬರೆದು ಯಂತ್ರಕ್ಕೆ ಹಾಕಿದರೆ ಒತ್ತಕ್ಷರಗಳೆಲ್ಲ ಬಿಡಿಬಿಡಿಯಾಗಿ ಚೆಲ್ಲಿದವು. 'ಅಮ್ಮ' ಎಂಬುದು ತಾಯಿಯಿಂದ ಮಗುವನ್ನು ಕಿತ್ತಂತೆ ಎರಡು ತುಂಡಾಗಿ ನಿಂತಿತು. ಬೇರೆ ಅಚ್ಚು ಹುಡುಕಿ ಸರಿಪಡಿಸಿದ್ದು ಪಕ್ಕದ ಮನೆಯ ಕಾಲೇಜು ಹುಡುಗಿ.

ಅದಕ್ಕಿಂತ ಕಷ್ಟ ಪದಗಳದು. ಹುಡುಗ ತಾಯಿಗೆ ತಾನು ಏನೆಂದು ಹೇಳುವ ದೃಶ್ಯ. ಇಂಗ್ಲಿಷಿನಲ್ಲಿ ಒಂದಕ್ಷರದ ಪದ, ಗೇ. ಕನ್ನಡದಲ್ಲಿ ಏನು ಬರೆಯಲಿ? ಪತ್ರಿಕೆಗಳು ರೂಢಿಸಿರುವ 'ಸಲಿಂಗಕಾಮಿ' ಪೊಲೀಸ್ ಠಾಣೆಯ ವಾಸನೆ ಹೊಡೆಯುತ್ತದೆ. ಯಾವ ಮಗ ತಾಯಿಯ ಮುಂದೆ ನಿಂತು 'ನಾನು ಕಾಮಿ' ಎಂದಾನು? 'ಸಲಿಂಗಪ್ರೇಮಿ' ಸಭ್ಯವಾದದ್ದು, ಆದರೆ ವ್ಯಾಕರಣದ ಪುಸ್ತಕದಿಂದ ಎದ್ದುಬಂದಂತಿದೆ. ಆ ಸಮುದಾಯದವರು ತಮ್ಮೊಳಗೆ ಬಳಸುವ 'ಕೋತಿ' ಮೊದಲಾದ ಮಾತುಗಳಿವೆ. ಹೊರಗಿನವನ ಬಾಯಿಗೆ ಅವು ಬೈಗುಳವಾಗುತ್ತವೆ. ಕೊನೆಗೆ ನಾನು ಬರೆದದ್ದು, "ಅಮ್ಮ, ನನಗೆ ಹುಡುಗೀರು ಬೇಡಮ್ಮ" ಎಂದು. ಸರಿಯೋ ತಪ್ಪೋ ತಿಳಿಯದು. ನಾನು ಕಂಡಿಲ್ಲದ ನೋವಿಗೆ ನಾನು ಪದ ಹುಡುಕುತ್ತಿದ್ದೆ. ಆ ನೋವು ಉಂಡವನು ಹುಡುಕಿದರೆ ಇನ್ನೂ ನೆಟ್ಟಗಿನದು ಸಿಕ್ಕೀತು. ಪದಗಳು ಕೋಶದಲ್ಲಿ ಹುಟ್ಟುವುದಿಲ್ಲ. ನಾಲ್ಕು ಜನ ಒಂದು ಕಡೆ ಸೇರಿ, ಒಬ್ಬರನ್ನೊಬ್ಬರು ಆ ಹೆಸರಿನಿಂದ ನಗುತ್ತ ಕರೆದಾಗ ಹುಟ್ಟುತ್ತವೆ. ಸೇರುವ ಜಾಗವನ್ನೇ ಬೇಡವೆಂದರೆ ಕನ್ನಡಕ್ಕೆ ಆ ಪದ ಬರುವುದೆಲ್ಲಿಂದ?

ಆದ್ದರಿಂದ ಮಿತ್ರರಲ್ಲಿ ನನ್ನ ಬೇಡಿಕೆ ಇದು. ಫ್ರೆಂಚ್ ಚಿತ್ರಗಳ ಮೇಲೆ ಅವರು ಕನ್ನಡದಲ್ಲಿ ಬರೆದ ಟಿಪ್ಪಣಿಗಳ ಒಂದು ಕಟ್ಟೇ ನನ್ನ ಬಳಿ ಇದೆ. ಅಂಥ ತಿಳಿಗನ್ನಡ ಬರೆಯಬಲ್ಲವರು ಇವತ್ತು ಕಡಿಮೆ. ಮುಂದಿನ ಸಲ ಚಿತ್ರಗಳ ಪಟ್ಟಿ ಕೈಗೆ ಬಂದಾಗ ಒಂದೊಂದು ಚಿತ್ರಕ್ಕೆ ಒಂದೊಂದು ಪುಟದ ಕನ್ನಡ ವಿವರ ಅವರು ಬರೆಯಲಿ; ಪ್ರತಿ ಮಾಡಿಸಿ ಬಾಗಿಲಲ್ಲಿ ಹಂಚುವ ಕೆಲಸ ನನ್ನದು. ಅಡಿಬರಹಕ್ಕೆ ಆ ಕಾಲೇಜು ಹುಡುಗಿಯೂ ಅವಳ ಇಬ್ಬರು ಗೆಳತಿಯರೂ ಒಪ್ಪಿದ್ದಾರೆ. ಯಾರಾದರೂ ನೋಡಿದರೆ ಎಂಬ ಅಳುಕು ಅವರಿಗೆ ಇನ್ನೂ ಉಳಿದಿದ್ದರೆ, ದೀಪ ಆರಿದ ಮೇಲೆ ಒಳಗೆ ಬರಬಹುದು. ಹಿಂದಿನಿಂದ ಎರಡನೆಯ ಸಾ­ಲು, ಎಡಗಡೆಯ ಕೊನೆಯ ಕುರ್ಚಿ, ಪಕ್ಕದಲ್ಲಿ ನಾನಿರುತ್ತೇನೆ.